ಬೆಕ್ಕು ಮಾಡದ ತಪ್ಪು

ಅಮ್ಮ, ನಿಮ್ಮ ಎ.ಸಿ.ಯ ಹೊರಗಿನ ಪೆಟ್ಟಿಗೆಯೊಳಗೆ ಅವತ್ತು ಜೀವ ಇತ್ತು. ಅಳಿಲಿನ ಮೂರು ಮರಿಗಳು. ಕೊಂದವನು ನಾನು. ಏನೂ ಇರಲಿಲ್ಲವೆಂದು ನಿಮ್ಮ ಮುಖ ನೋಡಿಕೊಂಡೇ ಹೇಳಿದವನೂ ನಾನು.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಟ್ಟೆ. ಉಳಿದದ್ದನ್ನು ಕೇಳದೆ ನೀವು ಎದ್ದು ಒಳಗೆ ಹೋದರೂ ನನ್ನದೇನೂ ಅಭ್ಯಂತರವಿಲ್ಲ. ಭಾನುವಾರ ನಿಮ್ಮೆದುರು ಕುಳಿತು ಓದಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಬಾಯಿಯಲ್ಲಿ ಹೇಳಹೊರಟರೆ ನಡುವೆ ಎಲ್ಲಾದರೂ ಮಾತು ತಿರುಗಿಸಿಯೇನು. ಇಪ್ಪತ್ತು ವರ್ಷ ಬಿ.ಸಿ.ರೋಡಿನಲ್ಲಿ ಅಂಗಡಿ ಇಟ್ಟುಕೊಂಡು ಎ.ಸಿ. ರಿಪೇರಿ ಮಾಡಿದವನ ನಾಲಿಗೆ ಇದು — ಹೋಗದಿದ್ದರೂ 'ಗ್ಯಾಸ್ ಹೋಗಿದೆ' ಎಂದು ನಿದ್ದೆಯಲ್ಲೂ ಹೇಳಬಲ್ಲದು. ಅದನ್ನು ನಂಬುವ ಹಾಗಿಲ್ಲ.

ನೀವು ಎ.ಸಿ. ಬೇಡವೆಂದವರು. ಬೆಳುವಾಯಿಯ ನಿಮ್ಮ ಮನೆಗೆ ನನ್ನನ್ನು ಮೊದಲು ಕರೆದದ್ದು ನಿಮ್ಮ ಮಗ ಅಜಿತಣ್ಣ. ಎರಡು ಬೇಸಿಗೆಯಲ್ಲಿ ಎರಡು ಸಲ ನೀವು ತಲೆತಿರುಗಿ ಬಿದ್ದಿದ್ದಿರಿ. ಮಲಗುವ ಕೋಣೆ ತಂಪಾಗಿರಲೇಬೇಕೆಂದು ಡಾಕ್ಟರು ಹೇಳಿದ್ದರು. ನೀವು ಮಾತ್ರ ಬಾಗಿಲಿಗೆ ಅಡ್ಡ ನಿಂತು, "ಆ ಫ್ಯಾನಿಗೆ ಸಿಕ್ಕಿ ಎಷ್ಟು ಜೀವ ಹೋಗ್ತದೋ ಯಾರಿಗೆ ಗೊತ್ತು? ನನ್ನೊಬ್ಬಳ ತಂಪಿಗೆ ಅಷ್ಟೆಲ್ಲ ಯಾಕೆ?" ಎಂದಿರಿ. ಸೋಸದ ನೀರು ಕುಡಿಯದ, ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆಯ ತಾಯಿ ನೀವು. ಉತ್ತರ ಕೊಟ್ಟವನು ಮಗನಲ್ಲ, ನಾನು.

"ಅಮ್ಮ, ಮಳೆಗಾಲ ಇಡೀ ಇದು ಬಂದ್ ಇರ್ತದೆ. ಗೂಡುಗೀಡು ಕಟ್ಟುವುದಿದ್ದರೆ ಆವಾಗಲೇ. ಪ್ರತಿ ವರ್ಷ ಬೇಸಿಗೆಗೆ ಮೊದಲು ನಾನೇ ಬರ್ತೇನೆ. ಮೊದಲು ಬಿಚ್ಚಿ ನೋಡ್ತೇನೆ, ಮತ್ತೆಯೇ ಸ್ವಿಚ್ಚು."

"ನಿನ್ನ ಮಾತಾ ಶೇಖರ?"

"ನನ್ನ ಮಾತು."

ಅಷ್ಟಕ್ಕೇ ಒಪ್ಪಿದಿರಿ. ಡಾಕ್ಟರ ಚೀಟಿಗೆ ಬಗ್ಗದವರು ಒಬ್ಬ ಮೆಕ್ಯಾನಿಕ್‌ನ ಮಾತಿಗೆ ಬಗ್ಗಿದಿರಿ. ನಿಮಗೆ ಎ.ಸಿ. ಹಾಕಿಸಿದ್ದು ತಪ್ಪೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ನಿಮ್ಮ ಮುನಿಗಳೇ ಬಂದು ಕೇಳಿದರೂ ಒಪ್ಪುವುದಿಲ್ಲ. ಆಮೇಲೆ ನೀವು ಒಮ್ಮೆಯೂ ಬೀಳಲಿಲ್ಲ. ಆ ಬಗ್ಗೆ ನನಗೆ ಪಶ್ಚಾತ್ತಾಪ ಇಲ್ಲ, ಇಟ್ಟುಕೊಳ್ಳುವುದೂ ಇಲ್ಲ.

ಎರಡು ವರ್ಷ ಮಾತು ಉಳಿಸಿಕೊಂಡೆ. ಒಮ್ಮೆ ಇರುವೆಯ ಸಾಲನ್ನು ಹಲಸಿನ ಎಲೆಯ ಮೇಲೆ ಹತ್ತಿಸಿ ಇಳಿಸಿದೆ. ಇನ್ನೊಮ್ಮೆ ಹಲ್ಲಿಯ ಮೊಟ್ಟೆಗಳನ್ನು ತೆಂಗಿನ ಗೆರಟೆಯಲ್ಲಿಟ್ಟು ನಿಮಗೆ ತೋರಿಸಿದೆ. 'ಶೇಖರನಿಗೆ ಸ್ಪ್ಯಾನರ್ ಬೇಡ, ಮುನಿಗಳ ನವಿಲುಗರಿ ಕೊಡಿ' ಎಂದು ಅಂಗಡಿಯ ಹತ್ತಿರದವರು ಗೇಲಿ ಮಾಡಿದ್ದೂ ಉಂಟು. ನಕ್ಕರೆ ನಗಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಜಂಬವೇ ಆಗುತ್ತಿತ್ತು.

ಮೂರನೆಯ ವರ್ಷ. ಮಾರ್ಚ್ ತಿಂಗಳಲ್ಲಿ ಎ.ಸಿ. ಮೆಕ್ಯಾನಿಕ್‌ಗೆ ಸಿಗುವ ಮರ್ಯಾದೆ ಮಂತ್ರಿಗೂ ಸಿಗುವುದಿಲ್ಲ. ಅವತ್ತು ಫೋನ್ ಕಿಸೆಗೆ ಇಳಿಯಲೇ ಇಲ್ಲ. ಆದರೆ ಅವಸರದ ಮೇಲೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ. ಮುಚ್ಚಳದ ಸ್ಕ್ರೂ ಬಿಚ್ಚಲು ಐದು ನಿಮಿಷ ಸಾಕು. ಗೊತ್ತಿದ್ದೂ ಕೋಣೆಗೆ ಹೋದವನೇ ರಿಮೋಟ್ ಒತ್ತಿದೆ. ಒತ್ತಿದ ಮೂರು ನಿಮಿಷದ ಮೇಲೆಯೇ ಹೊರಗಿನ ಫ್ಯಾನ್ ತಿರುಗುವುದು. ಆ ಮೂರು ನಿಮಿಷದಲ್ಲಿ ನಿಮಗೆ ಕೊಟ್ಟ ಮಾತು ನೆನಪಾಗಲಿಲ್ಲವೆಂದರೆ — ಅದೂ ಸುಳ್ಳು. ನೆನಪಾಯಿತು. ಏಣಿ ಹೊತ್ತುಕೊಂಡು ಮನೆಯ ಹಿಂದಕ್ಕೆ ಹೋಗುತ್ತಿದ್ದೆ. ಅದನ್ನು ಕೆಳಗಿಟ್ಟು, ಓಡಿ ಹೋಗಿ, ಬಂದ್ ಮಾಡಬಹುದಿತ್ತು. 'ಏನಿರುತ್ತದೆ ಮಹಾ' ಎಂದುಕೊಂಡೆ.

ಫ್ಯಾನ್ ತಿರುಗಿತು. ಸದ್ದು ಕೇಳಿದ ಕೂಡಲೇ ಗೊತ್ತಾಯಿತು. ಮೇನ್ ಸ್ವಿಚ್ ಬಂದ್ ಮಾಡಿ ಬಿಚ್ಚಿದರೆ ಒಳಗೆ ತೆಂಗಿನ ನಾರಿನ ಗೂಡು, ಮರಿಗಳು. ಕಣ್ಣು ಬಿಟ್ಟಿರಲಿಲ್ಲ ಅವು — ಇದಕ್ಕಿಂತ ಹೆಚ್ಚು ನಿಮಗೆ ಹೇಳಲಾರೆ. ನಾರಿನ ಸಮೇತ ನನ್ನ ಚೀಲಕ್ಕೆ ತುಂಬಿದೆ. ಫ್ಯಾನಿನ ರೆಕ್ಕೆಗಳನ್ನು ಒರೆಸಿದೆ. ಆಗ ಕಿಟಕಿಯ ಹತ್ತಿರ ನೀವು ಬಂದಿರಿ.

"ಜೀವ ಏನಾದರೂ ಇತ್ತಾ?"

"ಎಂಥದೂ ಇಲ್ಲ ಅಮ್ಮ. ಸ್ವಲ್ಪ ತೆಂಗಿನ ನಾರು, ಅಷ್ಟೇ."

ನಾರು ಇದ್ದದ್ದು ನಿಜವಲ್ಲವೇ! ಸುಳ್ಳಿಗೆ ಅಷ್ಟು ನಿಜ ಬೆರೆಸಿದರೆ ಅದು ನಿಲ್ಲುತ್ತದೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ನನ್ನ ಪಾಪ ನನ್ನದೇ ಆಗಿ ಇರುತ್ತಿತ್ತು. ಎರಡು ದಿನ ಬಿಟ್ಟು ನೀವೇ ಫೋನ್ ಮಾಡಿದಿರಿ. "ಶೇಖರ, ಎ.ಸಿ. ಪೆಟ್ಟಿಗೆಯ ಮೇಲೆ ಒಂದು ಅಳಿಲು ಕೂತು ಕೂಗ್ತಾ ಉಂಟು. ನಿನ್ನೆಯಿಂದ ನಿಲ್ಲಿಸಲೇ ಇಲ್ಲ. ಯಾಕೆ ಹಾಗೆ?" ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು, "ನಿಮ್ಮ ಬೆಕ್ಕು ಮರಿಗಳನ್ನೇನಾದರೂ ಹಿಡಿಯಿತೋ ಏನೋ ಅಮ್ಮ."

ನೀವು ಹಾಲಿಟ್ಟು ಸಾಕುತ್ತಿದ್ದ ಬೂದು ಬೆಕ್ಕು. ಬಾಯಿಗೆ ಬಂದದ್ದನ್ನು ಹೇಳಿ ಫೋನ್ ಇಟ್ಟೆ. ಆ ಮಾತನ್ನು ನೀವು ಎಲ್ಲಿಗೆ ಕೊಂಡುಹೋಗುತ್ತೀರೆಂದು ನಾನು ಎಣಿಸಿರಲಿಲ್ಲ. ಮರುವರ್ಷ ಸರ್ವಿಸಿಗೆ ಬಂದಾಗ ನಿಮ್ಮ ಸೊಸೆ ನನಗೆ ಚಹಾ ತಂದಿಟ್ಟರು. ನಿಮ್ಮ ಕೈಯಲ್ಲಿ ಜೀರಿಗೆ ಕಷಾಯ, ಅದಕ್ಕೆ ಹಾಲಿಲ್ಲ. ಸುಮ್ಮನೆ ಕೇಳಿದೆ. ನೀವೂ ಸುಮ್ಮನೆ ಎಂಬಂತೆಯೇ ಹೇಳಿದಿರಿ: "ಹಾಲಿಟ್ಟು ಆ ಬೆಕ್ಕನ್ನು ಮನೆಗೆ ಕರೆದದ್ದು ನಾನಲ್ಲವಾ? ಆ ಮರಿಗಳ ಪಾಪ ಬೆಕ್ಕಿಗೆ ಹೇಗೆ ಬರ್ತದೆ, ಅದಕ್ಕೆ ತಿಳಿಯುವುದಿಲ್ಲ. ನಾನು ಹಾಲು ಬಿಟ್ಟಿದ್ದೇನೆ. ಮೊಸರು, ತುಪ್ಪ ಎಲ್ಲ. ಇರುವಷ್ಟು ದಿನ."

ನಾನು ಚಹಾ ಕುಡಿದೆ. ಹಾಲು ಹಾಕಿದ ಚಹಾ — ಪೂರ್ತಿ ಕುಡಿದೆ ಅಮ್ಮ, ನಿಮ್ಮೆದುರಿಗೇ.

ಹೊರಡುವಾಗ ಗೇಟಿನ ಹತ್ತಿರ ಅಜಿತಣ್ಣನಿಗೆ ಎಲ್ಲ ಹೇಳಿದೆ. ಅವರು ಆಚೀಚೆ ನೋಡಿ, "ಎಂಥ ಶೇಖರಣ್ಣ, ಅಳಿಲಿನ ಮರಿಯಲ್ವಾ? ಅಮ್ಮನಿಗೆ ಗೊತ್ತಾದರೆ ನಾಳೆಯಿಂದ ಎ.ಸಿ. ಬಂದ್. ಮತ್ತೆ ಬಿದ್ದರೆ ಯಾರು ನೋಡುವುದು? ಸುಮ್ಮನಿರಿ ಮಾರಾಯ್ರೆ" ಎಂದರು. ಅವರನ್ನು ದೂರಬೇಡಿ, ಅವರಿಗೆ ತಾಯಿ ಬೇಕಿತ್ತು. ನನಗೆ ಬೇಕಿದ್ದದ್ದು ಸುಮ್ಮನಿರಲು ಒಂದು ನೆಪ. ಅದು ಸಿಕ್ಕಿತು, ಗಟ್ಟಿಯಾಗಿ ಹಿಡಿದುಕೊಂಡೆ. ಹೀಗೆ ವರ್ಷಗಳು ಹೋದವು.

ಹಳೆಯ ಎ.ಸಿ. ತೆಗೆದು ಕರೆಂಟು ಕಡಿಮೆ ಎಳೆಯುವ ಹೊಸತು ಹಾಕುವ ಎಂದು ಅಜಿತಣ್ಣ ಕಳೆದ ಭಾದ್ರಪದದಲ್ಲಿ ಗೋಡೆಯ ಅಳತೆಗೆ ಕರೆದರು. ದಶಲಕ್ಷಣ ಪರ್ವ ಮುಗಿದು ನಿಮ್ಮವರು ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನವದು ಎಂದು ನನಗೆ ತಿಳಿದಿರಲಿಲ್ಲ. ನನ್ನ ವಯಸ್ಸು, ನನ್ನ ಕೆಲಸ ಏನನ್ನೂ ನೋಡದೆ ನೀವು ಎದ್ದು ನಿಂತು ಕೈಮುಗಿದಿರಿ. "ಶೇಖರ, ಗೊತ್ತಿದ್ದೋ ಗೊತ್ತಿಲ್ಲದೆಯೋ ನನ್ನಿಂದ ನಿನಗೆ ಬೇಜಾರಾಗಿದ್ದರೆ ಕ್ಷಮಿಸು."

ನನಗೆ ಸಿಟ್ಟು ಬಂತು. ನನ್ನ ಮೇಲಲ್ಲ, ನಿಮ್ಮ ಮೇಲೆ! ಹಾಲು ಬಿಟ್ಟವರು ನೀವು, ಕೈಮುಗಿದವರೂ ನೀವೇ. ನನಗೆ ಮಾಡಲು ಏನು ಉಳಿಸಿದಿರಿ? ಅಂಥ ಹೊತ್ತಿನಲ್ಲಿ ಎದುರಿನವನೂ ಕೈಮುಗಿದು ಅದನ್ನೇ ತಿರುಗಿ ಹೇಳಬೇಕಂತೆ. ಹೇಳಿದ್ದರೆ ನೀವು ಕ್ಷಮಿಸಿಯೇ ಬಿಡುತ್ತಿದ್ದಿರಿ, ಏನನ್ನು ಕ್ಷಮಿಸಿದೆನೆಂದು ಗೊತ್ತಿಲ್ಲದೆ. ಅಂಥ ಕ್ಷಮೆ ನನಗೆ ಬೇಡವಾಗಿತ್ತು. "ನನಗೆ ಎಂಥ ಬೇಜಾರು ಅಮ್ಮ" ಎಂದು ಗೋಡೆಗೆ ಟೇಪು ಹಿಡಿದೆ.

ಹೊಸ ಎ.ಸಿ. ಈಗ ನನ್ನ ಅಂಗಡಿಯಲ್ಲಿ ಪೆಟ್ಟಿಗೆ ಒಡೆಯದೆ ಕುಳಿತಿದೆ. ಅಜಿತಣ್ಣ ದಿನಾ ಫೋನ್ ಮಾಡುತ್ತಾರೆ. ನೀವು ಇದನ್ನೆಲ್ಲ ಕೇಳದೆ ಅದನ್ನು ನಿಮ್ಮ ಗೋಡೆಗೆ ಏರಿಸುವುದಿಲ್ಲ. ಅವರು ಬೈಯಲಿ, ಬೇರೆಯವರನ್ನು ಕರೆಯಲಿ. ಕೇಳಿದ ಮೇಲೆ ಬೇಡವೆಂದರೆ ಹಳೆಯದನ್ನೂ ನನ್ನ ಕೈಯಾರೆ ಇಳಿಸುತ್ತೇನೆ, ಪೈಪಿನ ತೂತಿಗೆ ಸಿಮೆಂಟು ಹಾಕಿಯೇ ಹೋಗುತ್ತೇನೆ. ಈ ಸೆಕೆಯಲ್ಲಿ ಬೇಡವೆನ್ನಬೇಡಿ ಎಂದು ಜಗಳವಾಡಿಯೇನು, ಆದರೆ ತೀರ್ಮಾನ ನಿಮ್ಮದು. ಅದನ್ನು ನಿಮ್ಮಿಂದ ಕಸಿದುಕೊಂಡದ್ದೇ ನಾನು ಮಾಡಿದ ದೊಡ್ಡ ಅನ್ಯಾಯ.

'ಹೋಗಲಿ ಬಿಡು' ಎಂದು ಮಾತ್ರ ಹೇಳಬೇಡಿ. ಬಿಟ್ಟ ಹಾಲನ್ನು ನೀವು ಮತ್ತೆ ಮುಟ್ಟುವವರಲ್ಲ, ನನಗೆ ಗೊತ್ತು. ಅದನ್ನು ಹಿಂದೆ ಕೊಡಲು ನನ್ನಿಂದಾಗದು. ಆದರೆ ಯಾವ ಪಾಪಕ್ಕೆಂದು ಅದನ್ನು ಬಿಟ್ಟಿರೋ, ಅದು ನಿಮ್ಮ ಮನೆಯದಲ್ಲ. ಅದು ನನ್ನದು, ಭಾನುವಾರ ಕೊಂಡುಹೋಗಲು ಬರುತ್ತಿದ್ದೇನೆ.