ಇಬ್ರಿಯಲ್ಲಿ ನಾನು ಹಾರಿಸಿದ ರಾಕೆಟ್

ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ನನ್ನ ಬೆನ್ನ ಹಿಂದೆ ಹೇಳುತ್ತಿದ್ದವರು ಒಬ್ಬಿಬ್ಬರಲ್ಲ. ಅವರ ತಪ್ಪೇನೂ ಇಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಒಮಾನಿನ ಇಬ್ರಿಯಲ್ಲಿ, ರಸ್ತೆ ಮಾಡುವ ಕಂಪೆನಿಯೊಂದರ ಸ್ಟೋರ್‌ಕೀಪರ್ ಆಗಿದ್ದೆ. ಚೀಟಿಯಲ್ಲಿ ಫೋರ್‌ಮನ್ನಿನ ಸಹಿ ಇಲ್ಲದೆ ಒಂದು ನಟ್ಟನ್ನೂ ಕೊಡುತ್ತಿರಲಿಲ್ಲ. ಸಹಿ ಇದ್ದರೆ, ಹಳೆಯ ನಟ್ಟು ಎಲ್ಲಿ ಎಂದು ಕೇಳುತ್ತಿದ್ದೆ. ಸಾಮಾನು ಕಪಾಟಿನೊಳಗೆ ಇರುವಷ್ಟು ದಿನ ಮಾತ್ರ ಕ್ಷೇಮ, ಮನುಷ್ಯರ ಕೈಗೆ ಹೋದರೆ ಹಾಳು ಎಂದು ನಾನು ಮನಸಾರೆ ನಂಬಿದ್ದೆ.

ಮನೆಯಲ್ಲೂ ನಮ್ಮದೊಂದು ಸ್ಟೋರು ಇತ್ತು. ಗಲ್ಫಿನಲ್ಲಿದ್ದ ಊರಿನವರ ಮನೆಗಳಲ್ಲೆಲ್ಲ ಇರುವಂಥದ್ದೇ, ‘ಊರಿಗೆ’ ಎಂಬ ಹೆಸರಿನ ಕಪಾಟು. ಒಳ್ಳೆಯ ಸೋಪು, ಅತ್ತರು, ದಪ್ಪ ಹೊದಿಕೆ, ಹಾಲಿನಪುಡಿಯ ಡಬ್ಬಿ ಎಲ್ಲ ಅದರೊಳಗೆ ಊರಿಗೆ ಹೋಗುವ ದಿನ ಕಾಯುತ್ತಿದ್ದವು. ನಾವು ಅಗ್ಗದ ಸೋಪಿನಲ್ಲಿ ಮೈ ತಿಕ್ಕಿಕೊಳ್ಳುತ್ತಿದ್ದೆವು. ಆ ಕಪಾಟಿನ ಮೇಲಿನ ಹಲಗೆಯಲ್ಲಿ ಒಂದು ರಾಕೆಟ್ಟಿನ ಪೆಟ್ಟಿಗೆ ಇತ್ತು. ಕೆಲಸ ಮುಗಿಸಿ ದೇಶಕ್ಕೆ ಹೊರಟ ಇಂಗ್ಲಿಷ್ ಸರ್ವೇಯರನೊಬ್ಬ ಅದನ್ನು ನನ್ನ ಮಗಳಿಗೆಂದು ಕೊಟ್ಟಿದ್ದ. ಕಾಗದದ ಕೊಳವೆ, ತೆಳ್ಳನೆಯ ಮರದ ರೆಕ್ಕೆಗಳು, ಪ್ಲಾಸ್ಟಿಕ್ಕಿನ ಮೂತಿ, ಪ್ಯಾರಾಚೂಟ್ ಎಲ್ಲವನ್ನೂ ನಾವೇ ಅಂಟಿಸಿ ಜೋಡಿಸಬೇಕು. ಜೊತೆಗೆ ಬೆರಳುದ್ದದ ಮೂರು ಮೋಟಾರುಗಳು. ಮೋಟಾರು ಎಂದರೆ ಮದ್ದು ತುಂಬಿದ ಗಟ್ಟಿ ಕಾಗದದ ನಳಿಗೆ ಅಷ್ಟೇ, ಒಂದು ಸಲ ಉರಿದರೆ ಮುಗಿಯಿತು. “ಊರಿಗೆ ಹೋದಾಗ ಹಾರಿಸುವ” ಎಂದು ಏಳು ವರ್ಷದ ಮಗಳಿಗೆ ಹೇಳಿ ನಾನು ಪೆಟ್ಟಿಗೆಯನ್ನು ಮೇಲಿಟ್ಟೆ. ಮದ್ದನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಅದನ್ನು ಆ ಕಪಾಟಿನಿಂದ ಇಳಿಸಲಿಲ್ಲ.

ಹೀಗೆ ಮೂರು ವರ್ಷ ಕಳೆಯಿತು. ಮಗಳು ಹೋಗುತ್ತಿದ್ದ ಚಿಕ್ಕ ಶಾಲೆಯಲ್ಲಿ ಐದನೇ ಕ್ಲಾಸಿನ ಮುಂದೆ ಕ್ಲಾಸಿರಲಿಲ್ಲ. ಅವಳೂ ಅವಳ ಅಮ್ಮನೂ ಉಡುಪಿ ಕಡೆಯ ನಮ್ಮ ಊರಿಗೆ ಹೋಗಿ ನೆಲೆಸುವುದು, ನಾನು ಗಂಡಸರಷ್ಟೇ ಇರುವ ಕಂಪೆನಿಯ ಬ್ಯಾಚುಲರ್ ರೂಮಿಗೆ ಸೇರುವುದು ಎಂದು ತೀರ್ಮಾನವಾಯಿತು. ನಮ್ಮ ಮನೆಮಾತು ತುಳು. ಊರಿನ ಶಾಲೆಯಲ್ಲಿ ಮಗಳು ಕಷ್ಟಪಡಬಾರದೆಂದು ಹೆಂಡತಿ ಆ ವರ್ಷವಿಡೀ ಅವಳೊಡನೆ ಕನ್ನಡವನ್ನೇ ಆಡುತ್ತಿದ್ದಳು.

ಅವರು ಹೊರಡಲು ಎರಡು ವಾರವಿದ್ದಾಗ ಮಗಳು ಊಟದ ಮೇಜಿನ ಮೇಲೆ ಒಂದು ಚೀಟಿ ಇಟ್ಟಳು. ನನ್ನ ಸ್ಟೋರಿನ ಚೀಟಿಯದೇ ನಕಲು. ಸಾಮಾನು: ರಾಕೆಟ್. ಎಷ್ಟು: ಒಂದು. ಯಾತಕ್ಕೆ: ಹಾರಿಸಲು. ಕೆಳಗೆ ಅವಳ ಸಹಿ, ಅದರ ಕೆಳಗೆ ಫೋರ್‌ಮನ್ನಿನ ಜಾಗದಲ್ಲಿ ಅಮ್ಮನ ಸಹಿ.

“ಇನ್ನು ಕೊಡ್ಲಿಕ್ಕೆ ಎಂತ ಅಡ್ಡಿ ಉಂಟು ನಿಮಗೆ?” ಎಂದಳು ಹೆಂಡತಿ.

ಅಡ್ಡಿಯೇನೂ ಇರಲಿಲ್ಲ. ಪೆಟ್ಟಿಗೆ ಇಳಿಸಿದೆ. ಆದರೆ ಮಗಳ ಕೈಗೆ ಕೊಡಲಿಲ್ಲ. ರೋಡ್ ರೋಲರಿನ ಬಿಡಿಭಾಗಗಳನ್ನು ಅರೆನಿದ್ದೆಯಲ್ಲೂ ಗುರುತಿಸುವ ನನಗೆ ಈ ಆಟದ ಸಾಮಾನು ಯಾವ ಲೆಕ್ಕ ಎಂದು ನಾನೇ ಕೂತೆ. ಅವಳು ಪಕ್ಕದಲ್ಲಿ ನಿಂತು ಸೂಚನೆಯ ಹಾಳೆ ಓದುತ್ತಿದ್ದಳು, ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಮೂರು ರೆಕ್ಕೆಗಳ ಜೊತೆ ನನ್ನ ಬೆರಳುಗಳೂ ಅಂಟಿಕೊಂಡವು. ಪೆಟ್ಟಿಗೆಯೊಳಗೆ ಮೆತ್ತನೆಯ ಕಾಗದದ ನಾಲ್ಕೈದು ಹಾಳೆಗಳಿದ್ದವು. ಪ್ಯಾಕಿಂಗಿನದ್ದಿರಬೇಕೆಂದು ಅವುಗಳಲ್ಲಿ ಗೋಂದು ಒರೆಸಿ ಬಿಸಾಡಿದೆ.

ಶುಕ್ರವಾರ ಬೆಳಿಗ್ಗೆ ಹೊರಡುವ ಮೊದಲು ಮಗಳು ಹಾಳೆ ಹಿಡಿದು ಬಂದಳು. “ಪಪ್ಪ, ಆ ಪೇಪರ್ ಎಲ್ಲಿ? ಮೇಲೆ ಹೋದ ಮೇಲೆ ಮೋಟಾರು ಒಳಗಿಂದ ಒಂದು ಸಲ ಬೆಂಕಿ ಊದ್ತದಂತೆ. ಆಗ್ಲೇ ಪ್ಯಾರಾಚೂಟ್ ಹೊರಗೆ ಬರುದು. ಅದು ಸುಡಬಾರದು ಅಂತ ಮಧ್ಯದಲ್ಲಿ ಆ ಪೇಪರ್ ಹಾಕ್ಬೇಕು. ಅದು ಸ್ಪೆಷಲ್ ಪೇಪರ್, ಬೆಂಕಿ ಹಿಡಿಯುದಿಲ್ಲ.”

ಗೋಂದು ಒರೆಸಿದೆ ಎಂದು ಒಪ್ಪಿಕೊಳ್ಳಲು ನನಗೆ ಬಾಯಿ ಬರಲಿಲ್ಲ. “ಮೆತ್ತಗಿನದ್ದು ಎಂತಾದ್ರೂ ಆಗ್ತದೆ” ಎಂದು ದೇವರ ಗೂಡಿನಿಂದ ಹತ್ತಿ ತಂದೆ. ಹೆಂಡತಿ ಬಾಗಿಲಲ್ಲೇ ತಡೆದಳು.

“ಮಾರಾಯ್ರೆ, ಅದು ಬತ್ತಿಯ ಹತ್ತಿ. ಉರಿಯುದೇ ಅದರ ಕೆಲಸ!”

“ಎಣ್ಣೆ ಇಲ್ಲದೆ ಬತ್ತಿ ಉರಿಯುದು ಎಲ್ಲಾದ್ರೂ ನೋಡಿದ್ದೀಯಾ?” ಎಂದು ವಿಜ್ಞಾನಿಯ ಗತ್ತಿನಲ್ಲಿ ಕೇಳಿದೆ. ಅವಳು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ.

ಊರಾಚೆ ಜಲ್ಲಿಕಲ್ಲಿನ ದೊಡ್ಡ ಬಯಲು. ನಾನೂ ಮಗಳೂ ಕಂಪೆನಿಯ ಪಿಕಪ್ ನಿಲ್ಲಿಸಿ, ನೆಲದಲ್ಲಿ ಕಡ್ಡಿ ನೆಟ್ಟು, ಅದಕ್ಕೆ ರಾಕೆಟ್ ಪೋಣಿಸಿದೆವು. ದೂರದಲ್ಲಿ ಮೇಕೆ ಮೇಯಿಸುತ್ತಿದ್ದ ಒಬ್ಬ ಮುದುಕ ಹತ್ತಿರ ಬಂದು ಕೋಲೂರಿ ನಿಂತ. ಮೋಟಾರಿಗೆ ಕಿಡಿ ಕೊಡುವ ಬ್ಯಾಟರಿಯ ಗುಂಡಿಯನ್ನು ನಾನೇ ಒತ್ತಿದೆ. ಸುಯ್ಯೆಂದು ಹೋದದ್ದು ಕಣ್ಣಿಗೆ ಚುಕ್ಕೆಯಾಯಿತು. ನನ್ನ ಎದೆ ಉಬ್ಬಿತು. ಮೇಲೆ ಟಪ್ ಎಂದಿತು, ಒಂದು ಹೊಗೆಯ ಉಂಡೆ ಕಂಡಿತು, ಮತ್ತೆ ರಾಕೆಟ್ ಹೋದಷ್ಟೇ ವೇಗದಲ್ಲಿ ತಲೆಕೆಳಗಾಗಿ ಬಂದು ನೆಲಕ್ಕೆ ಬಿತ್ತು. ಹತ್ತಿ ಇನ್ನೂ ಉರಿಯುತ್ತಿತ್ತು. ಪ್ಯಾರಾಚೂಟ್ ಕರಗಿ ಗೋಲಿಯಷ್ಟಾಗಿತ್ತು.

“ಖಲಾಸ್?” ಎಂದು ಮುದುಕ ಕೇಳಿದ.

“ಖಲಾಸ್” ಎಂದೆ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ, ಮನೆಗೆ ಬರುವ ದಾರಿಯುದ್ದಕ್ಕೂ ಇಂಗ್ಲಿಷಿನವರ ಕಳಪೆ ಮದ್ದನ್ನು ಬೈದೆ. ಮಗಳು ಅಳಲಿಲ್ಲ. ನಜ್ಜುಗುಜ್ಜಾದ ರಾಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅತ್ತಿದ್ದರೆ ಚೆನ್ನಾಗಿತ್ತು. ಇನ್ನು ಏಳೇ ದಿನ ಉಳಿದಿದ್ದವು, ಅಪ್ಪನೆಂದರೆ ಇಷ್ಟೇ ಎಂದುಕೊಂಡು ಈ ಹುಡುಗಿ ಹೋಗಿಬಿಡುತ್ತಾಳಲ್ಲ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಆ ರಾತ್ರಿ ಗೋಂದಿನ ಸಂಗತಿಯನ್ನು ಅವಳಿಗೆ ಹೇಳಿದೆ.

“ನನಗೆ ಗೊತ್ತಿತ್ತು ಪಪ್ಪ. ಡಸ್ಟ್‌ಬಿನ್‌ನಲ್ಲಿ ನೋಡಿದ್ದೆ” ಎಂದಳು.

ಮಾರನೆಯ ದಿನದಿಂದ ಅವಳು ಮೇಸ್ತ್ರಿ, ನಾನು ಕೈಯಾಳು. ಬಾಗಿದ ಕೊಳವೆಯನ್ನು ಕತ್ತರಿಸಿ, ಒಳಗಿನಿಂದ ರಟ್ಟು ಸುತ್ತಿ ಸೇರಿಸಿದಳು. ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ಪ್ಯಾರಾಚೂಟ್ ಕತ್ತರಿಸಿ ಹೊಲಿಗೆ ನೂಲು ಕಟ್ಟಿದಳು. ಬೆಂಕಿ ತಡೆಯುವುದಕ್ಕೆ ಏನು ಹಾಕುವುದೆಂದು ಮಾತ್ರ ಇಬ್ಬರಿಗೂ ತಿಳಿಯಲಿಲ್ಲ. ಅಡುಗೆಮನೆಯಿಂದ ಹೆಂಡತಿ ಹೇಳಿದಳು: “ಬಾಳೆಲೆಯಲ್ಲಿ ಮೀನು ಕಟ್ಟಿ ಕೆಂಡದ ಮೇಲೆ ಇಡುದಿಲ್ವಾ? ಎಲೆ ಬಾಡ್ತದೆ, ಉರಿಯುದಿಲ್ಲ.” ಇಬ್ರಿಯ ತೋಟಗಳಲ್ಲಿ ಬಾಳೆಗೆ ಬರವಿರಲಿಲ್ಲ. ಒಂದು ಎಲೆ ಬೇಡಿ ತಂದೆ. ಹೆಂಡತಿಯೇ ಅದನ್ನು ಚೂರು ಮಾಡಿ, ಒರೆಸಿ, ಮೆತ್ತಗೆ ಒಳಗೆ ತುಂಬಿಸಿಕೊಟ್ಟಳು.

ಮುಂದಿನ ಶುಕ್ರವಾರ ಮೂವರೂ ಹೋದೆವು. ಅವರ ವಿಮಾನ ಮಾರನೆಯ ದಿನಕ್ಕಿತ್ತು. ಗುಂಡಿ ಒತ್ತಿದ್ದು ಮಗಳು. ರಾಕೆಟ್ ತುಸು ವಾಲಿಕೊಂಡೇ ಏರಿತು, ಟಪ್ ಎಂದಿತು, ಬಿಳಿ ಚೀಲ ಬಿಚ್ಚಿಕೊಂಡು ತೂಗುತ್ತಾ ಇಳಿಯತೊಡಗಿತು. ಮಗಳು ಕಿರುಚುತ್ತಾ ಅದರ ಹಿಂದೆ ಓಡಿದಳು. ಅವಳ ಅಮ್ಮನೂ ಸೆರಗು ಸಿಕ್ಕಿಸಿಕೊಂಡು ಓಡಿದಳು. ನಾನು ನಿಂತು ಚಪ್ಪಾಳೆ ತಟ್ಟಿದೆ. ಅಷ್ಟು ಸಂತೋಷ ನನಗೆ ಆ ದೇಶದಲ್ಲಿ ಮತ್ತೆ ಆದ ನೆನಪಿಲ್ಲ.

ಮಗಳು ಏದುಸಿರು ಬಿಡುತ್ತಾ ಬಂದಳು. “ಪಪ್ಪ, ಇನ್ನೊಂದು! ಲಾಸ್ಟ್ ಒನ್!”

ಬಿಸಿಲು ಏರಿರಲಿಲ್ಲ. ನನಗೆ ಬೇರೆ ಕೆಲಸವೂ ಇರಲಿಲ್ಲ. ಆದರೂ ಬಾಯಿಗೆ ಬಂದದ್ದು ಅಭ್ಯಾಸದ ಮಾತು: “ಒಂದು ಸ್ಟಾಕಿನಲ್ಲಿ ಇರ್ಲಿ. ನೀನು ರಜೆಯಲ್ಲಿ ಬಂದಾಗ ಹಾರಿಸುವ.”

ಅವಳು ನನ್ನ ಮುಖ ನೋಡಿದಳು. “ಓಕೆ ಪಪ್ಪ” ಎಂದು ರಾಕೆಟ್ಟಿನ ಧೂಳು ಒರೆಸಿ ಪೆಟ್ಟಿಗೆಯೊಳಗಿಟ್ಟಳು.

ರಜೆಯಲ್ಲಿ ಅವಳು ಬರಲಿಲ್ಲ. ಬ್ಯಾಚುಲರ್ ರೂಮಿಗೆ ಹೆಣ್ಣುಮಕ್ಕಳನ್ನು ಕರೆಸುವುದು ಹೇಗೆ? ಎರಡು ವರ್ಷದ ಮೇಲೆ ನಾನೇ ಊರಿಗೆ ಹೋದಾಗ ಅವಳು ನನ್ನ ಭುಜದೆತ್ತರ ಬೆಳೆದಿದ್ದಳು. ಮೋಟಾರನ್ನು ಇನ್ನೂ ಜೋಪಾನವಾಗಿ ಇಟ್ಟಿದ್ದೇನೆ ಎಂದು ದೊಡ್ಡ ಸುದ್ದಿಯಂತೆ ಹೇಳಿದೆ. ಅವಳು ನಕ್ಕಳು.

“ಅದನ್ನು ಯಾಕೆ ಇಟ್ಕೊಂಡಿದ್ದೀ ಪಪ್ಪ? ನನಗೆ ಅವತ್ತು ರಾಕೆಟ್ ಏನೂ ಬೇಕಿರ್ಲಿಲ್ಲ. ಇನ್ನೊಂದು ಹಾರಿಸಿದ್ರೆ ನಾವು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರ್ತಿದ್ವಿ, ಅಷ್ಟೇ. ಈಗ ನೀನೇ ಹಾರಿಸಿಬಿಡು.”

ಇಬ್ರಿಗೆ ಮರಳಿದ ಮೊದಲ ಶುಕ್ರವಾರ, ರಾಕೆಟ್ಟಿಗೆ ಹೊಸ ಬಾಳೆಲೆ ತುಂಬಿಸಿಕೊಂಡು ಒಬ್ಬನೇ ಆ ಬಯಲಿಗೆ ಹೋದೆ. ಆ ಒಣಹವೆಗೆ ಮದ್ದು ಕೆಟ್ಟಿರಲಿಲ್ಲ. ರಾಕೆಟ್ ಚೆನ್ನಾಗಿಯೇ ಏರಿತು, ಪ್ಯಾರಾಚೂಟ್ ಬಿಚ್ಚಿಕೊಂಡಿತು, ಗಾಳಿ ಅದನ್ನು ಗುಡ್ಡದ ಕಡೆಗೆ ಒಯ್ಯತೊಡಗಿತು. ಯಾರೋ ಓಡಿ ಹಿಡಿಯುತ್ತಾರೆ ಎನ್ನುವ ಹಾಗೆ ನಾನು ಸ್ವಲ್ಪ ಹೊತ್ತು ನಿಂತೇ ಇದ್ದೆ. ಆಮೇಲೆ ಹೊಟ್ಟೆ ಹೊತ್ತುಕೊಂಡು ನಾನೇ ಓಡಿದೆ. ಒಂದೆರಡು ಕಡೆ ಎಡವಿದೆ. ಮುಳ್ಳುಗಿಡಕ್ಕೆ ಸಿಕ್ಕಿದ್ದ ರಾಕೆಟ್ಟನ್ನು ಬಿಡಿಸಿಕೊಂಡು, ಕಲ್ಲಿನ ಮೇಲೆ ಕೂತು ಗಡಿಯಾರ ನೋಡಿದರೆ ಎಲ್ಲ ಸೇರಿ ಹತ್ತು ನಿಮಿಷವೂ ಆಗಿರಲಿಲ್ಲ. ಅಷ್ಟನ್ನು ಮಗಳಿಗೆ ಕೊಡದೆ ಉಳಿಸಿಕೊಂಡಿದ್ದೆನಲ್ಲ ಎಂದು, ಯಾರೂ ಇಲ್ಲದ ಆ ಬಯಲಿನಲ್ಲಿ ಜೋರಾಗಿ ಅತ್ತೆ.