ಇಲ್ಲದ ಗಂಡ ಸಹಿ ಹಾಕಿದ ಸಮನ್ಸ್

ನಾನು ಹೆಂಗಸರಿಗೆ ಸ್ಕೂಟರ್ ಓಡಿಸೋದನ್ನು ಕಲಿಸುತ್ತೇನೆ. ಬೆಳಗಿನ ಹೊತ್ತು ಜೆ.ಪಿ. ನಗರದ ಒಳರಸ್ತೆಗಳಲ್ಲಿ ಒಬ್ಬ ಹೆಂಗಸು ಉಸಿರು ಬಿಗಿಹಿಡಿದು ಸ್ಕೂಟರ್ ಓಡಿಸುತ್ತಾ, ಹಿಂದೆ ಕೂತವಳು "ಚಕ್ರ ನೋಡಬೇಡಿ, ರಸ್ತೆ ನೋಡಿ" ಅಂತ ಕೂಗುತ್ತಾ ಹೋಗುವುದನ್ನು ನೀವು ಕಂಡಿದ್ದರೆ, ಆ ಹಿಂದಿನವಳು ನಾನೇ ಇದ್ದರೂ ಇರಬಹುದು. ಬ್ಯಾಂಕಿನವರು, ಡಾಕ್ಟರು, ಮಕ್ಕಳನ್ನು ಸ್ಕೂಲಿಗೆ ಬಿಡಬೇಕಾದ ಸೊಸೆಯಂದಿರು, ಅರವತ್ತು ದಾಟಿದ ಮೇಲೆ ಹಠ ಹುಟ್ಟಿದ ಅಜ್ಜಿಯರು, ಎಲ್ಲರಿಗೂ ಕಲಿಸಿದ್ದೇನೆ. ಬೀಳಿಸಿಲ್ಲ ಅಂತ ಹೇಳಲಾರೆ. ಬಿದ್ದವರನ್ನು ಎಬ್ಬಿಸದೆ ಮನೆಗೆ ಕಳಿಸಿಲ್ಲ.

ನಮ್ಮ ಮನೆ ಜರಗನಹಳ್ಳಿಯಲ್ಲಿ, ಕನಕಪುರ ರಸ್ತೆಯ ಬಸ್ಸುಗಳ ಹಾರನ್ ಕೇಳಿಸುವಷ್ಟು ಒಳಗೆ. ಅಪ್ಪ ಕಟ್ಟಿಸಿದ್ದು. ಕೆಳಗೆ ನಾನು, ಅಮ್ಮ. ಮೇಲೆ ನನ್ನದೊಂದು ರೂಮು, ಬಟ್ಟೆ ಒಣಹಾಕುವ ತಾರಸಿ. ಅಲ್ಲಿಗೆ ಹತ್ತಲು ಮನೆಯ ಪಕ್ಕದಲ್ಲಿ ಹೊರಗಡೆಯಿಂದ ಇರುವ ಮೆಟ್ಟಿಲು ಬಿಟ್ಟರೆ ಬೇರೆ ದಾರಿಯಿಲ್ಲ. ಆ ಮೆಟ್ಟಿಲಿಗೂ ಪಕ್ಕದ ಮನೆಗೂ ನಡುವೆ ಒಂದು ಓಣಿ. ಎರಡೂ ಮನೆಯವರು ಓಡಾಡುವ ಓಣಿ ಅದು.

ಪಕ್ಕದ ಹೆಂಚಿನ ಮನೆಯನ್ನು ಕೊಂಡವರೊಬ್ಬರು ಅದನ್ನು ಕೆಡವಿ ಮೂರಂತಸ್ತು ಕಟ್ಟಿದರು. ಕಾರು ತಂದರು. ಕಾರು ಓಣಿಯಲ್ಲಿ ಅರ್ಧದವರೆಗೆ ಬಂದು, ನಮ್ಮ ಮೆಟ್ಟಿಲ ಹತ್ತಿರ ನಿಂತುಬಿಡುತ್ತಿತ್ತು. ಒಂದೆರಡು ಸಲ ಅವರು ಇಳಿದು, ಮೆಟ್ಟಿಲನ್ನೂ ಕಾರನ್ನೂ ನೋಡಿ, ತಲೆ ಕೆರೆದುಕೊಂಡು ಹಿಂದಕ್ಕೆ ಹೋಗಿದ್ದನ್ನು ನಾನೇ ನೋಡಿದ್ದೆ. ನನ್ನ ಹತ್ತಿರ ಮಾತ್ರ ಏನೂ ಹೇಳಲಿಲ್ಲ. ಎದುರು ಸಿಕ್ಕಾಗಲೆಲ್ಲ "ನಮಸ್ಕಾರ ಅಕ್ಕ, ಕ್ಲಾಸ್ ಮುಗೀತಾ?" ಅನ್ನುತ್ತಿದ್ದರು. ಒಳ್ಳೆಯ ಜನ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಕ್ಲಾಸ್ ಮುಗಿಸಿ ಬಂದು ಹೆಲ್ಮೆಟ್ ತೆಗೆಯುತ್ತಿದ್ದೆ. ಕೋರ್ಟಿನ ಕಾಗದಗಳನ್ನು ಮನೆಗೆ ತಲುಪಿಸುವ ಅಮೀನರೊಬ್ಬರು ಗೇಟಿನ ಹತ್ತಿರ ನಿಂತಿದ್ದರು. ನನ್ನ ಹೆಸರು ಕೇಳಿ, ಗುರುತಿನ ಚೀಟಿ ನೋಡಿ, ಕಾಗದ ಕೊಟ್ಟು ಸಹಿ ಹಾಕಿಸಿಕೊಂಡರು.

"ಏನ್ ಸಾರ್ ಇದು?"

"ಡಿಕ್ರಿ ಜಾರಿ ನೋಟಿಸ್ ಮೇಡಂ. ನಿಮ್ಮ ಮೆಟ್ಟಿಲು ತೆಗೀಬೇಕು ಅಂತ ಆರ್ಡರ್ ಆಗಿದೆಯಲ್ಲ. ನೀವು ತೆಗೆದಿಲ್ಲ, ಅದಕ್ಕೆ."

"ಯಾವ ಆರ್ಡರ್? ಕೇಸು ಯಾವಾಗ ಹಾಕಿದ್ರು?"

ಅವರು ನನ್ನ ಮುಖ ನೋಡಿದರು. "ನೀವು ಕೋರ್ಟಿಗೆ ಬರಲೇ ಇಲ್ಲವಂತೆ. ಎಕ್ಸ್ ಪಾರ್ಟಿ ಆಗಿದೆ. ಬೇಗ ಲಾಯರ್ ಹತ್ರ ಹೋಗಿ."

ಎದುರು ಪಕ್ಷದವರು ಬರಲಿಲ್ಲ ಅಂತ ಒಬ್ಬರ ಮಾತು ಮಾತ್ರ ಕೇಳಿ ಕೊಟ್ಟ ತೀರ್ಪು ಅದು. ಓದುತ್ತಾ ಓದುತ್ತಾ ನನ್ನ ಕಿವಿ ಬಿಸಿಯಾಯಿತು. ಭಯಕ್ಕಿಂತ ಮೊದಲು ಬಂದದ್ದು ಸಿಟ್ಟು. ಅಮ್ಮ ಒಳಗಿನಿಂದ "ಯಾರೇ ಅದು?" ಅಂದಳು. "ನಮ್ಮ ಮೆಟ್ಟಿಲು ಒಡೆಯೋಕೆ ಕೋರ್ಟು ಹೇಳಿದೆಯಂತೆ" ಅಂದೆ. ಅಮ್ಮ ಹೊರಗೆ ಬಂದು, ಮೆಟ್ಟಿಲು ಇನ್ನೂ ಅಲ್ಲೇ ಇದೆಯಾ ಅನ್ನುವ ಹಾಗೆ ಒಂದು ಸಲ ನೋಡಿದಳು. ಆಮೇಲೆ ಪಕ್ಕದ ಮನೆಯತ್ತ ನೋಡಿದಳು. "ದಿನಾ ನಮಸ್ಕಾರ ಹೇಳೋನು ಇದನ್ನ ಹೇಳ್ಲಿಲ್ಲವಲ್ಲ" ಅಂದಳು.

ನನ್ನ ಹತ್ತಿರ ಸ್ಕೂಟರ್ ಕಲಿಯುತ್ತಿದ್ದವರಲ್ಲಿ ಜಯನಗರದ ಲಾಯರ್ ಒಬ್ಬರಿದ್ದರು. ಐವತ್ತರ ಹೆಂಗಸು. ಕೋರ್ಟಿನಲ್ಲಿ ಗಟ್ಟಿಗಿತ್ತಿ ಅಂತ ಕೇಳಿದ್ದೆ. ಸಾರಕ್ಕಿ ಸಿಗ್ನಲ್ ಹತ್ತಿರ ಬಂದರೆ ಮಾತ್ರ "ಬೇಡ ಮೇಡಂ, ಇಲ್ಲೇ ತಿರುಗಿಸಿಬಿಡೋಣ" ಅನ್ನುತ್ತಿದ್ದರು. ಅವರಿಗೆ ನಾನು ಮೇಡಂ, ನನಗೆ ಅವರು ಮೇಡಂ. ಮಾರನೆಯ ದಿನ ಕ್ಲಾಸಿನ ಬದಲು ಕಾಗದ ತೆಗೆದುಕೊಂಡು ಅವರ ಮನೆಗೇ ಹೋದೆ. ಓದಿ ಮುಗಿಸಿ ಕನ್ನಡಕ ತೆಗೆದರು.

"ಸಮನ್ಸ್ ನಿಮ್ಮ ಕೈಗೆ ಬಂದೇ ಇಲ್ಲ, ಅಲ್ವಾ? ಅದನ್ನ ತೋರಿಸಿದ್ರೆ ಈ ತೀರ್ಪನ್ನ ರದ್ದು ಮಾಡಿ ಅಂತ ಅದೇ ಕೋರ್ಟನ್ನ ಕೇಳಬಹುದು. ಆದ್ರೆ ಗೊತ್ತಾದ ಮೇಲೆ ಸುಮ್ಮನೆ ಕೂರೋ ಹಾಗಿಲ್ಲ, ತಿಂಗಳೊಳಗೆ ಹಾಕಬೇಕು. ಮೊದಲು ಫೈಲ್ ನೋಡ್ತೀನಿ. ಸಮನ್ಸ್ ಯಾರಿಗೆ ಕೊಟ್ಟಿದ್ದಾರೆ ಅಂತ ಬರೆದಿರ್ತಾರೆ."

ಆ ವಾರದಲ್ಲೇ ಫೋನ್ ಬಂತು. ಕೋರ್ಟಿನ ಗದ್ದಲದ ನಡುವೆ ಅವರ ದನಿ.

"ಮೇಡಂ, ತಪ್ಪು ತಿಳ್ಕೋಬೇಡಿ. ನಿಮಗೆ ಮದುವೆ ಆಗಿದೆಯಾ?"

"ಇಲ್ಲವಲ್ಲ. ಯಾಕೆ?"

"ಆಗಿತ್ತಾ ಯಾವಾಗಲಾದ್ರೂ?"

"ಯಾವಾಗಲೂ ಇಲ್ಲ."

ಆ ಕಡೆ ಅವರು ಜೋರಾಗಿ ನಕ್ಕುಬಿಟ್ಟರು. "ಹಾಗಿದ್ರೆ ಕೇಳಿ, ಅಮೀನರ ವರದಿ ಓದ್ತೀನಿ. 'ಪ್ರತಿವಾದಿಯು ಮನೆಯಲ್ಲಿ ಇರಲಿಲ್ಲ. ಆಕೆಯ ಗಂಡ ಸಮನ್ಸ್ ಪಡೆದು ಸಹಿ ಮಾಡಿರುತ್ತಾರೆ.' ಕೆಳಗೆ ಒಂದು ಗೀಚು."

ಮನೆಯಲ್ಲಿ ಇಲ್ಲದಿದ್ದರೆ ಮನೆಯ ವಯಸ್ಕರ ಕೈಗೆ ಕೊಡಬಹುದಂತೆ, ಕಾನೂನು ಒಪ್ಪುತ್ತದಂತೆ. ಹಾಗಾಗಿ ನನಗೆ ಗೊತ್ತಿಲ್ಲದ ಒಬ್ಬ ಗಂಡ ನನ್ನ ಪರವಾಗಿ ಕಾಗದ ತೆಗೆದುಕೊಂಡು ಎಲ್ಲಿಗೋ ಹೋಗಿಬಿಟ್ಟಿದ್ದ. ಅಮ್ಮನಿಗೆ ಹೇಳಿದಾಗ ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸಿ, "ಅಷ್ಟು ವರ್ಷ ಊರೂರು ಹುಡುಕಿದ್ರೂ ನನಗೆ ಸಿಗದ ಅಳಿಯ, ಅಮೀನನಿಗೆ ಒಂದೇ ದಿನಕ್ಕೆ ಸಿಕ್ಕಿಬಿಟ್ಟನಾ!" ಅಂದಳು. ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅಮ್ಮ, "ಅವರು ನಿನ್ನ ಏನೇನೋ ಕೇಳ್ತಾರೆ ಕಣೇ ಅಲ್ಲಿ" ಅಂದಳು. "ಕೇಳಲಿ ಬಿಡಮ್ಮ" ಅಂದೆ. ಮದುವೆಯ ಪ್ರಶ್ನೆ ಕೇಳಿಸಿಕೊಂಡು ಕೇಳಿಸಿಕೊಂಡು ನನಗೆ ಅಭ್ಯಾಸವಾಗಿತ್ತು. "ಯಜಮಾನ್ರು ಏನ್ ಮಾಡ್ತಾರೆ?" ಅಂತ ಕೇಳದ ಕಲಿಯುವವರೇ ಇಲ್ಲ. ಗಾಡಿ ಓಡಿಸುವಾಗ ಮಾತು ಬೇಡ ಅಂತ ಅವರ ಬಾಯಿ ಮುಚ್ಚಿಸುತ್ತಿದ್ದೆ.

ಲಾಯರ್ ಮೇಡಂ ಅರ್ಜಿ ಹಾಕಿದರು. ಅದು ತೀರ್ಮಾನವಾಗುವವರೆಗೆ ಮೆಟ್ಟಿಲು ಮುಟ್ಟಬಾರದು ಅಂತ ತಡೆಯಾಜ್ಞೆ ಸಿಕ್ಕಿತು. ಆಮೇಲೆ ಮುಂದಿನ ತಾರೀಕು, ಅದರ ಮುಂದಿನ ತಾರೀಕು. ಪಕ್ಕದ ಮನೆಯವರು ನಮಸ್ಕಾರ ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ. ಎದುರಿಗೆ ಸಿಕ್ಕರೆ ನಾನೇ ಮೊದಲು ಹೇಳುತ್ತಿದ್ದೆ, ಅವರು ಮೊಬೈಲ್ ನೋಡುತ್ತಿದ್ದರು.

ಕೊನೆಗೂ ನನ್ನ ಪಾಟಿ ಸವಾಲಿನ ದಿನ ಬಂತು. ಕಟಕಟೆಯಲ್ಲಿ ನಿಂತೆ. ಅವರ ಕಡೆಯ ಲಾಯರ್ ವಯಸ್ಸಾದವರು, ಮೆತ್ತಗೆ ಮಾತಾಡುವವರು.

"ನಿಮ್ಮ ವಯಸ್ಸೆಷ್ಟಮ್ಮ?"

"ಐವತ್ತೆರಡು ಸಾರ್."

"ಐವತ್ತೆರಡಾದ್ರೂ ಮದುವೆ ಆಗಿಲ್ಲ ಅಂತೀರಿ. ಅದಕ್ಕೆ ಏನು ಸಾಕ್ಷಿ ಇದೆ?"

ನ್ಯಾಯಾಧೀಶರು ತಲೆ ಎತ್ತಿದರು. ನಾನು ಒಂದು ಕ್ಷಣ ಯೋಚಿಸಿದೆ.

"ಆಗಿದ್ದಿದ್ರೆ ಫೋಟೋ ಆದ್ರೂ ಇರ್ತಿತ್ತು ಸಾರ್. ಆಗದೇ ಇದ್ದಿದ್ದಕ್ಕೆ ಯಾರು ಫೋಟೋ ತೆಗೀತಾರೆ?"

ಹಿಂದಿನ ಬೆಂಚಿನಲ್ಲಿ ತಮ್ಮ ತಮ್ಮ ಕೇಸಿಗೆ ಕಾಯುತ್ತಿದ್ದವರು ನಕ್ಕರು. ನನ್ನ ಆಧಾರ್, ರೇಷನ್ ಕಾರ್ಡು, ಗಾಡಿಯ ಲೈಸೆನ್ಸು, ಎಲ್ಲದರಲ್ಲೂ ಅಪ್ಪನ ಹೆಸರೇ ಇತ್ತು. ಅವನ್ನು ಲಾಯರ್ ಮೇಡಂ ಆಗಲೇ ಕೊಟ್ಟಿದ್ದರು. ಆ ಕಡೆಯ ಲಾಯರ್ ಅಷ್ಟಕ್ಕೆ ಬಿಡಲಿಲ್ಲ.

"ನಿಮ್ಮ ಮನೇಲಿ ಯಾವ ಗಂಡಸೂ ಇಲ್ಲವೇ ಇಲ್ಲ, ಹಾಗಾದ್ರೆ?"

"ಇಲ್ಲ. ಅಪ್ಪ ಹೋದ ಮೇಲೆ ನಾನು, ನಮ್ಮಮ್ಮ ಅಷ್ಟೇ."

"ಪಕ್ಕದಲ್ಲೇ ಇದ್ದೀರಿ. ಕೇಸ್ ಹಾಕಿರೋದು ಗೊತ್ತಿದ್ದೂ ಬೇಕಂತಲೇ ಬರಲಿಲ್ಲ."

"ದಿನಾ ನಮಸ್ಕಾರ ಹೇಳ್ತಿದ್ರು ಸಾರ್. ಕೇಸ್ ಹಾಕಿದ್ದೀನಿ ಅಂತ ಒಂದಿನಾನೂ ಹೇಳ್ಲಿಲ್ಲ."

ಟೈಪ್ ಮಾಡುವವರು ನನ್ನ ಉತ್ತರಗಳನ್ನೆಲ್ಲ ಕೋರ್ಟಿನ ಕನ್ನಡಕ್ಕೆ ತಿರುಗಿಸುತ್ತಿದ್ದರು. ಕೊನೆಗೆ ಓದಿ ಹೇಳಿದರು: "ನನಗೆ ಮದುವೆಯಾಗಿದ್ದು, ಅದನ್ನು ಮುಚ್ಚಿಟ್ಟು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ." ಸರಿಯಾಗಿದೆಯಾ ಅಂತ ಕೇಳಿದರು. ಸರಿಯಾಗಿದೆ ಅಂದು ಸಹಿ ಹಾಕಿದೆ. ಮದುವೆಯಾಗಿಲ್ಲ ಅನ್ನುವುದು ಮದುವೆಮನೆಗಳಲ್ಲಿ, ನಾಮಕರಣಗಳಲ್ಲಿ ಎಷ್ಟೋ ಸಲ ಮುಖ ತಗ್ಗಿಸಿ ಹೇಳಿದ ಮಾತು. ಅವತ್ತು ತುಂಬಿದ ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿ ಕೆಳಗಿಳಿದಾಗ ನನ್ನ ಬೆನ್ನು ನೆಟ್ಟಗೇ ಇತ್ತು.

ಮುಂದಿನ ತಾರೀಕಿಗೆ ಅಮೀನರನ್ನು ಕರೆಸಿದರು, ನನಗೆ ನೋಟಿಸ್ ಕೊಟ್ಟವರಲ್ಲ, ಮೊದಲು ಸಮನ್ಸ್ ತಂದಿದ್ದವರು. ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ನಮ್ಮ ಲಾಯರ್ ಮೇಡಂ ಎದ್ದು ನಿಂತರು. ಸಾರಕ್ಕಿ ಸಿಗ್ನಲ್ಲಿಗೆ ಹೆದರುವ ಹೆಂಗಸು ಇವರೇನಾ ಅನಿಸಿತು.

"ಮನೆ ನಿಮಗೆ ಯಾರು ತೋರಿಸಿದ್ರು?"

"ವಾದಿಯವರೇ ಜೊತೆಗೆ ಬಂದು ತೋರಿಸಿದ್ರು."

"ಬಾಗಿಲು ತಟ್ಟಿದ್ರಾ?"

"ಇಲ್ಲ. ಅಲ್ಲೇ ಒಬ್ರು ನಿಂತಿದ್ರು."

"ಅಲ್ಲೇ ಅಂದ್ರೆ? ಗೇಟಿನ ಒಳಗಾ, ಹೊರಗಾ?"

ಅವರು ಮತ್ತೆ ಕುತ್ತಿಗೆ ಒರೆಸಿಕೊಂಡರು. "ಹೊರಗೆ. ಓಣಿಯಲ್ಲಿ."

"ಅವರೇ ಗಂಡ ಅಂತ ಹೇಗೆ ಗೊತ್ತಾಯ್ತು?"

"ಇವರೇ ಅವರ ಮನೆಯವರು, ಇವರಿಗೇ ಕೊಡಿ ಅಂತ ವಾದಿಯವರು ಹೇಳಿದ್ರು. ಅವರೂ ಹೂಂ ಅಂದ್ರು."

"ಹೆಸರು ಕೇಳಿದ್ರಾ?"

"ಕೇಳಲಿಲ್ಲ."

ಲಾಯರ್ ಮೇಡಂ ಇನ್ನೇನೂ ಕೇಳದೆ ಕೂತರು. ಪಕ್ಕದ ಮನೆಯವರು ಹಿಂದಿನ ಬೆಂಚಿನಲ್ಲಿ ಚಾವಣಿಯ ಫ್ಯಾನ್ ನೋಡುತ್ತಿದ್ದರು. ಹೂಂ ಅಂದವನು ಯಾರು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಮನೆ ಕಟ್ಟುವಾಗ ಬಂದಿದ್ದ ಮೇಸ್ತ್ರಿ ಇರಬೇಕು ಅಂತ ಅಮ್ಮನ ಊಹೆ. ನಾನು ಅದರ ಬೆನ್ನು ಹತ್ತಲಿಲ್ಲ.

ಆದೇಶದ ದಿನ ಅಮ್ಮನೂ ಬಂದಿದ್ದಳು, ರೇಷ್ಮೆ ಸೀರೆ ಉಟ್ಟು. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲ, ಹಾಗಾಗಿ ಎಕ್ಸ್ ಪಾರ್ಟಿ ತೀರ್ಪನ್ನು ರದ್ದು ಮಾಡಿದೆ, ಕೇಸು ಮೊದಲಿನಿಂದ ನಡೆಯಲಿ ಅಂದರು ನ್ಯಾಯಾಧೀಶರು. ಅಮ್ಮ ನನ್ನ ಕಿವಿಯಲ್ಲಿ "ಗೆದ್ವಾ?" ಅಂದಳು. "ಇಲ್ಲಮ್ಮ, ಈಗ ಶುರು" ಅಂದೆ. ಅವಳ ಮುಖ ಸಣ್ಣದಾಯಿತು. ನನಗೆ ಮಾತ್ರ ಗೆದ್ದಷ್ಟೇ ಹಗುರವಾಗಿತ್ತು. ನನ್ನ ಮಾತನ್ನು ಕೇಳಿಸಿಕೊಂಡ ಮೇಲೆ ಕೋರ್ಟು ಏನು ಹೇಳಿದರೂ ತಡೆದುಕೊಳ್ಳಬಲ್ಲೆ ಅನಿಸಿತ್ತು.

ಮೊದಲಿನಿಂದ ನಡೆದ ಕೇಸಿನಲ್ಲಿ ಓಣಿಯನ್ನು ಅಳೆಯಲು ಕೋರ್ಟಿನಿಂದ ಕಮಿಷನರ್ ಬಂದರು. ಟೇಪು ಹಿಡಿದು, ಎರಡೂ ಮನೆಯ ಪತ್ರ ಇಟ್ಟುಕೊಂಡು ಬಿಸಿಲಲ್ಲಿ ಅಳೆದರು. ಮೆಟ್ಟಿಲು ನಮ್ಮ ಜಾಗದಲ್ಲೇ ಇತ್ತು. ತೀರಾ ಕೆಳಗಿನ ಎರಡು ಮೆಟ್ಟಿಲು ಮಾತ್ರ ಓಣಿಗೆ ಚಾಚಿದ್ದವು. ಅಪ್ಪ ಕಟ್ಟಿಸಿದಾಗ ಅಲ್ಲಿ ಕಾರಿನ ಮಾತೇ ಇರಲಿಲ್ಲ, ಯಾರೂ ನೋಡಿರಲಿಲ್ಲ. ನಾನು ಲಾಯರ್ ಮೇಡಂಗೆ ಹೇಳಿದೆ: "ಆ ಎರಡನ್ನ ನಮ್ಮ ಅಂಗಳದ ಕಡೆಗೆ ತಿರುಗಿಸಿಬಿಡ್ತೀನಿ. ರಾಜಿ ಮಾಡಿಸಿ."

"ಅವರು ಮಾಡಿದ್ದಕ್ಕೆ ಕೇಸನ್ನ ಇನ್ನೂ ಎಳೆಯಬಹುದು ಮೇಡಂ, ನೋಡಿ."

"ಬೇಡ. ಓಣಿ ಅವರದ್ದೂ ಹೌದು."

ಪಕ್ಕದ ಮನೆಯವರೂ ಒಪ್ಪಿದರು. ರಾಜಿ ಪತ್ರಕ್ಕೆ ಸಹಿ ಹಾಕುವ ಮೊದಲು ಕಾರಿಡಾರಿನಲ್ಲಿ ಹತ್ತಿರ ಬಂದು, "ಅಕ್ಕ, ನಾನು ಮೊದಲೇ ಬಂದು ಕೇಳಬೇಕಿತ್ತು" ಅಂದರು. "ಹೌದು, ಕೇಳಬೇಕಿತ್ತು" ಅಂದೆ. ಪರವಾಗಿಲ್ಲ ಅಂತ ಹೇಳುವುದು ಬಾಯಿಗೆ ಬಂದಿತ್ತು, ಹೇಳಲಿಲ್ಲ. ಬೇಸರವಾಗಿದ್ದು ನಿಜ.

ಈಗ ಅವರ ಕಾರು ಓಣಿಯ ಕೊನೆಯವರೆಗೂ ಹೋಗುತ್ತದೆ. ನಮ್ಮ ಮೆಟ್ಟಿಲು ಕೆಳಗೆ ಬಂದು ಬಲಕ್ಕೆ ತಿರುಗುತ್ತದೆ. ಬಟ್ಟೆಯ ಬಕೆಟ್ ಹಿಡಿದು ಇಳಿಯುವಾಗ ಆ ತಿರುವು ಅಮ್ಮನಿಗೆ ಇನ್ನೂ ರೂಢಿಯಾಗಿಲ್ಲ, ಗೊಣಗುತ್ತಾಳೆ. ತಿರುವಿನಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಬೇಕು.