ತಾಯಮ್ಮ ಕೊಡದೇ ಹೋದ ರಬ್ಬರ್

ಆಲೂರಿನ ತಾಲ್ಲೂಕು ಕಚೇರಿಯ ಎದುರು ತಾಯಮ್ಮನ ಪುಸ್ತಕದಂಗಡಿ ಇದೆ. ಅಲ್ಲಿ ಒಂದು ಪೆನ್ನು ಕೇಳಿದರೂ ಅವರು ಎರಡು ಪ್ರಶ್ನೆ ಕೇಳುತ್ತಾರೆ. ‘ಯಾರು ಬರೀತಾರೆ? ಯಾರು ಓದ್ತಾರೆ?’ ಉತ್ತರ ಒಪ್ಪಿಗೆಯಾದರೆ ಪೆನ್ನು, ಇಲ್ಲದಿದ್ದರೆ ಮಾತು. ನನಗೆ ಹೆಚ್ಚಾಗಿ ಸಿಕ್ಕಿದ್ದು ಮಾತೇ.

ಕಳೆದ ವರ್ಷ ನಮ್ಮವ್ವ ಬೆಟ್ಟಮ್ಮನ ಬಲಗಣ್ಣಿನ ಪೊರೆ ತೆಗೆಸಿದ್ದೆವು. ಕೆಂಪು ಮುಚ್ಚಳದ ಹನಿ ದಿನಕ್ಕೆ ನಾಲ್ಕು ಸಲ, ನೀಲಿ ಮುಚ್ಚಳದ್ದು ಮೂರು ಸಲ, ಆರು ವಾರ ತಪ್ಪಿಸಬೇಡಿ ಎಂದಿದ್ದರು ಡಾಕ್ಟರು. ಹಾಕುವ ಕೆಲಸ ನನ್ನದು. ನಾನೋ, ಸ್ಕೂಟರಿನಲ್ಲಿ ಪೇಟೆಗೆ ಹೋಗಿ ಬಸ್ಸಿನಲ್ಲಿ ಮನೆಗೆ ಬಂದವನು. ಹನಿ ಮರೆತೂ ಮರೆತೂ ಎರಡನೇ ವಾರಕ್ಕೆ ಅವ್ವನ ಕಣ್ಣು ಕೆಂಪಗೆ ಊದಿಕೊಂಡಿತು. ಡಾಕ್ಟರು ಬೈದರು. ಕಣ್ಣು ಉಳಿಯಿತು, ಮಂಜು ಮಾತ್ರ ಪೂರ್ತಿ ಹೋಗಲಿಲ್ಲ. ಈಗ ಎಡಗಣ್ಣಿನ ಸರದಿ. ಅವ್ವನಿಗೆ ಅಕ್ಕಿಯೊಳಗಿನ ಕಲ್ಲು ಕಾಣಬೇಕಾದರೆ ಉಳಿದಿದ್ದು ಅದೊಂದೇ ಕಣ್ಣು, ಮತ್ತು ಅದನ್ನು ಕಾಯಲು ನಾನೊಬ್ಬನೇ.

‘ದೊಡ್ಡಪ್ಪ, ಬುಲೆಟ್ ಜರ್ನಲ್ ಇಟ್ಕೊಳ್ಳಿ’ ಎಂದಳು ತಮ್ಮನ ಮಗಳು ಚೈತ್ರಶ್ರೀ. ಮಾಡಬೇಕಾದ ಕೆಲಸಕ್ಕೊಂದು ಚುಕ್ಕೆ, ಮುಗಿದ ಮೇಲೆ ಅದಕ್ಕೊಂದು ಕತ್ತರಿ ಗುರುತು, ಇಷ್ಟೇ ಅದರ ವಿದ್ಯೆ. ಬೇಕಾಗುವ ಸಾಮಾನು ಮಾತ್ರ ಒಂದು ಪುಟ: ಚುಕ್ಕೆ ಹಾಳೆಯ ಗಟ್ಟಿ ರಟ್ಟಿನ ಪುಸ್ತಕ, ಹದಿನೆಂಟು ಬಣ್ಣದ ಬ್ರಷ್ ಪೆನ್ನು, ಹೂವಿನ ಟೇಪು, ಸ್ಟಿಕ್ಕರು. ನನಗೆ ಬಹಳ ಹಿಡಿಸಿತು. ಸಾಮಾನು ಹೆಚ್ಚಿದಷ್ಟೂ ಕೆಲಸ ಶುರುವಾಗುವುದು ತಡವಾಗುತ್ತದಲ್ಲ.

ಪಟ್ಟಿಯನ್ನು ತಾಯಮ್ಮನೆದುರು ಓದಿದೆ.

‘ಮೊಮ್ಮಕ್ಕಳಿಗಾ ಗೌಡ್ರೇ?’

‘ನನಗೇ ಕಣಕ್ಕ. ಅವ್ವನ ಕಣ್ಣಿಗೆ ಹನಿ ಹಾಕೋದು ಮರೀಬಾರ್ದು ಅಂತ.’

‘ಹನಿ ಹಾಕೋಕೆ ಹದಿನೆಂಟು ಬಣ್ಣವಾ? ಎತ್ತಿನ ಕೊಂಬಿಗೇನಾದ್ರೂ ಬಳೀತೀರಾ?’

ತಾಯಮ್ಮ ಹೆಗ್ಗದ್ದೆಯಿಂದ ಇಲ್ಲಿಗೆ ಸೊಸೆಯಾಗಿ ಬಂದವರು. ಓದಿದ್ದು ಮೂರನೇ ಕ್ಲಾಸು. ಇಪ್ಪತ್ತೆರಡು ವರ್ಷದ ಹಿಂದೆ ಗಂಡ ಸಿದ್ದಬಸಪ್ಪ ತೀರಿಕೊಂಡಾಗ, ಇಂಗ್ಲಿಷ್ ಹೆಸರಿನ ಡಬ್ಬಗಳ ನಡುವೆ ಈಕೆ ಏನು ವ್ಯಾಪಾರ ಮಾಡಿಯಾಳು ಎಂದು ನೆಂಟರು ಅಂಗಡಿ ಮಾರಲು ಹೇಳಿದರಂತೆ. ಅವರು ಒಂದೊಂದು ಡಬ್ಬಕ್ಕೂ ಗುರುತು ಹಾಕಿದರು. ನೀಲಿ ಪೆನ್ನಿಗೆ ಒಂದು ಚುಕ್ಕೆ, ಕಪ್ಪಿಗೆ ಎರಡು, ತರಿಸಬೇಕಾದ್ದಕ್ಕೆ ಬಾಣ, ಬಂದದ್ದಕ್ಕೆ ಕತ್ತರಿ. ಆ ಗುರುತುಗಳು ಇವತ್ತಿಗೂ ಕಪಾಟಿನಲ್ಲಿವೆ. ಚೈತ್ರಶ್ರೀ ಫೋನಿನಲ್ಲಿ ತೋರಿಸಿದ್ದೂ ಅದನ್ನೇ. ಇಲ್ಲಿ ಹೂವಿನ ಟೇಪು ಇರಲಿಲ್ಲ, ಅಷ್ಟೇ.

‘ಯಾರು ಬರೀತಾರೆ?’

‘ನಾನು.’

‘ಯಾರು ಓದ್ತಾರೆ?’

‘ನಾನೇ.’

‘ನೀವೇ ಬರ್ದು ನೀವೇ ಓದಿದ್ರೆ, ಮರ್ತಿದ್ದನ್ನ ಹಿಡಿಯೋರು ಯಾರು? ಬೆಟ್ಟಮ್ಮನ ಕೈಗೆ ಕೊಡಿ.’

‘ಅವ್ವಂಗೆ ಅಕ್ಷರ ಬರಲ್ಲ ಕಣಕ್ಕ.’

‘ಚುಕ್ಕೆ ಇಡಕ್ಕೆ ಅಕ್ಷರ ಯಾಕೆ? ದಿನಾ ಬಾಗ್ಲಿಗೆ ರಂಗೋಲಿ ಹಾಕ್ದೋರಲ್ವಾ ಅವರು?’

ಕೊನೆಗೆ ಅವರು ಕೊಟ್ಟಿದ್ದು ಮೂರೇ ಸಾಮಾನು. ಮಕ್ಕಳು ಲೆಕ್ಕ ಮಾಡುವ ದೊಡ್ಡ ಚೌಕದ ಪುಸ್ತಕ. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ದಪ್ಪ ಪೆನ್ಸಿಲು. ಕಚೇರಿಯ ಫೈಲು ಕಟ್ಟುವ ಟ್ಯಾಗು. ಆ ಟ್ಯಾಗಿನಿಂದ ಪೆನ್ಸಿಲನ್ನು ಪುಸ್ತಕಕ್ಕೆ ಅವರೇ ಕಟ್ಟಿದರು. ಸ್ಕೂಟರಿನ ಕಥೆ ಅವರಿಗೂ ಗೊತ್ತಿತ್ತು.

‘ಒಂದು ರಬ್ಬರ್?’

‘ಬ್ಯಾಡ. ನಿಮ್ಮ ಕೈಗೆ ರಬ್ಬರ್ ಕೊಟ್ರೆ ಪುಸ್ತಕಾನೇ ಅಳಿಸ್ಬುಡ್ತೀರ.’

ಎಡಗಣ್ಣಿನ ಆಪರೇಷನ್ ಆಯಿತು. ದಿನಕ್ಕೊಂದು ಸಾಲು, ಸಾಲಿಗೆ ಏಳು ಚೌಕ. ಹನಿ ಹಾಕಿದ ಮೇಲೆ ಅವ್ವ ಮುಚ್ಚಳದ ಬಣ್ಣ ನೋಡಿ ಚುಕ್ಕೆ ಇಡುತ್ತಿದ್ದಳು. ಮೊದಲ ದಿನ ಪೆನ್ಸಿಲನ್ನು ರಂಗೋಲಿ ಪುಡಿಯಂತೆ ಚಿಟಿಕೆಯಲ್ಲಿ ಹಿಡಿದಿದ್ದಳು. ಒಂಬತ್ತನೇ ದಿನ ನಾನು ಬೇಲಿಯ ಬಳಿ ಪಕ್ಕದ ಮನೆಯ ದೇವೀರಪ್ಪನ ಜೊತೆ ಮಾತಿಗೆ ನಿಂತು ತಡವಾಗಿ ಒಳಗೆ ಬಂದೆ.

‘ಮಧ್ಯಾಹ್ನದ ನೀಲಿ ಬಂದಿಲ್ಲ ಕಣ್ಲಾ.’

‘ಹಾಕಿದ್ನಲ್ಲವ್ವ.’

‘ಹಾಕಿದ್ರೆ ಚುಕ್ಕೆ ಎಲ್ಲೈತೆ?’

ಐವತ್ತೆರಡು ವರ್ಷದ ಗಂಡಸು ಓಡಿಹೋಗಿ ಬಾಟಲಿ ತಂದ. ಆರು ವಾರದಲ್ಲಿ ನಾನು ಮರೆತದ್ದು ಹದಿನಾಲ್ಕು ಸಲ. ಅವ್ವ ಹಿಡಿದದ್ದೂ ಹದಿನಾಲ್ಕು ಸಲ. ಡಾಕ್ಟರು ಈ ಸಲ ಬೈಯಲಿಲ್ಲ. ‘ಚೆನ್ನಾಗಿ ನೋಡ್ಕೊಂಡಿದ್ದೀರಿ’ ಎಂದು ನನ್ನ ಬೆನ್ನು ತಟ್ಟಿದರು. ಅವ್ವ ಪಕ್ಕದಲ್ಲೇ ಕೂತು ನನ್ನ ಮುಖ ನೋಡಿದಳು, ಸ್ಪಷ್ಟವಾಗಿ.

ಮನೆಗೆ ಬಂದವಳೇ ಮೊರ ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಒಂದು ಸಣ್ಣ ಬಿಳಿ ಕಲ್ಲನ್ನು ಅಂಗೈಯಲ್ಲಿಟ್ಟು ತೋರಿಸಿದಳು. ‘ಇಷ್ಟು ದಿನ ಇದನ್ನೇ ಉಣ್ಣಿಸ್ತಿದ್ಯಾ?’ ನನಗೆ ಅದಕ್ಕಿಂತ ಹಿತವಾದ ಬೈಗುಳ ನೆನಪಿಲ್ಲ.

ಮರುದಿನ ಆ ಕಲ್ಲನ್ನು ಕಾಗದದಲ್ಲಿ ಮಡಚಿಕೊಂಡು ಆಲೂರಿಗೆ ಹೋದೆ. ನಾಲ್ಕು ಒಳ್ಳೆಯ ಮಾತು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅಂಗಡಿ ಮುಂದೆ ನಿಂತಾಗ ಅದೂ ಮರೆತುಹೋಯಿತು. ಕಲ್ಲನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟೆ. ತಾಯಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಸೆರಗಿನಿಂದ ತಮ್ಮ ಕಣ್ಣೊರೆಸಿಕೊಂಡರು.

‘ಅದೇ ಥರದ ಇನ್ನೊಂದು ಪುಸ್ತಕ ಬೇಕಂತೆ ಅಕ್ಕ’ ಎಂದೆ.

‘ಯಾರು ಬರೀತಾರೆ?’

‘ಅವ್ವ. ನಾನು ಮಾಡ್ತೀನಿ ಅಂತ ಹೇಳಿ ಮಾಡದ ಕೆಲಸಕ್ಕೆಲ್ಲ ಚುಕ್ಕೆ ಇಡ್ತಾಳಂತೆ.’

ತಾಯಮ್ಮ ಎರಡನೆಯ ಪ್ರಶ್ನೆ ಕೇಳಲಿಲ್ಲ. ಕೈಗೆತ್ತಿಕೊಂಡಿದ್ದ ತೆಳ್ಳನೆಯ ಪುಸ್ತಕವನ್ನು ಮತ್ತೆ ಒಳಗಿಟ್ಟು ಇನ್ನೂರು ಪುಟದ್ದನ್ನು ತೆಗೆದರು.